ತೆರೆಯ ಮೇಲಿನ ಮಳೆ

ಭಾನುವಾರ ಮಧ್ಯಾಹ್ನ ದೂರದರ್ಶನದಲ್ಲಿ ಬೇರೆ ಬೇರೆ ಭಾಷೆಗಳ ಪ್ರಶಸ್ತಿ ವಿಜೇತ ಚಿತ್ರಗಳು ಬರುತ್ತಿದ್ದ ಕಾಲದಲ್ಲಿ, ಹಳೆಯ ಬಾಗಲಕೋಟೆಯ ನಮ್ಮ ಮನೆಯ ಕಪ್ಪು-ಬಿಳುಪು ಟಿವಿಯಲ್ಲಿ ನಾನು ಮೊದಲ ಸಲ ಸತ್ಯಜಿತ್ ರಾಯ್ ಅವರ ಬಂಗಾಳಿ ಚಿತ್ರ ‘ಪಥೇರ್ ಪಾಂಚಾಲಿ’ ನೋಡಿದೆ. ಚಿತ್ರದ ಉದ್ದಕ್ಕೂ ಮೇಲಿನಿಂದ ಕೆಳಕ್ಕೆ ಬಿಳಿಯ ಗೆರೆಗಳು ಸುರಿಯುತ್ತಿದ್ದವು. ಅಂಥ ಗೆರೆಗಳನ್ನು ನಮ್ಮ ಮನೆಯಲ್ಲಿ ಮಳೆ ಎಂದೇ ಕರೆಯುತ್ತಿದ್ದೆವು. ಊರೂರು ತಿರುಗಿ ಸವೆದ ಪ್ರಿಂಟ್ ಟಾಕೀಸಿಗೆ ಬಂದರೆ ‘ಪಿಚ್ಚರ್‌ನಾಗ ಮಳಿ ಹತ್ತೇತಿ’ ಎಂದು ಅಪ್ಪ ಹೇಳುತ್ತಿದ್ದರು. ಹೀಗಾಗಿ ಆ ಚಿತ್ರದಲ್ಲಿ ನಿಜವಾದ ಮಳೆ ಬಂದು ಕಥೆಯ ಹುಡುಗಿ ದುರ್ಗಾ ಅದರಲ್ಲಿ ತೊಯ್ಯುವ ಹೊತ್ತಿಗೆ, ಯಾವುದು ಆಕಾಶದ ಮಳೆ, ಯಾವುದು ಫಿಲ್ಮಿನ ಮೇಲೆ ಬಿದ್ದ ಗೆರೆ ಎಂದು ಬೇರ್ಪಡಿಸಲು ನನಗೆ ಸಾಧ್ಯವೇ ಆಗಲಿಲ್ಲ.

ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಕಳೆದ ಮೇಲೆ, ನವನಗರದ ಈಗಿನ ಮನೆಯಲ್ಲಿ, ಅದೇ ಚಿತ್ರದ ಪುನಶ್ಚೇತನಗೊಂಡ, ಅಂದರೆ ಹಾಳಾದ ಫಿಲ್ಮನ್ನು ಸರಿಪಡಿಸಿ ತೆಗೆದ, ಪ್ರತಿಯನ್ನು ಬ್ಲೂ-ರೇ ಡಿಸ್ಕಿನಲ್ಲಿ ಹಾಕಿ ಅಪ್ಪನ ಜೊತೆ ಕೂತು ನೋಡಿದೆ. ಮುಂಗಾರಿನ ಮೊದಲ ಹನಿ, ಗಾಳ ಹಾಕಿಕೊಂಡು ಕೂತ ಮನುಷ್ಯನ ಬೋಳುತಲೆಯ ಮೇಲೆ ಬೀಳುತ್ತದೆ. ಆ ಒಂದೇ ಒಂದು ಹನಿ ಕಂಡಿತು. ಆಮೇಲೆ ಕೊಳದ ನೀರಿನ ಮೇಲೆ ಏಳುವ ಉಂಗುರಗಳು ಕಂಡವು. ಅಪ್ಪ ಗುಳೇದಗುಡ್ಡದ ಖಣದ ವ್ಯಾಪಾರ ಮಾಡಿದವರು. ಅರಿವೆ ಕೈಗೆ ಬಂದರೆ ಹೆಬ್ಬೆರಳಿನಿಂದ ಸವರಿ ನೋಡದೆ ಮಾತಾಡುವವರಲ್ಲ. ಬಹಳ ಹೊತ್ತು ಸುಮ್ಮನೆ ನೋಡಿ, ‘ಇದು ಹೊಸಾದು ಮಾಡಿದ್ದಲ್ಲ ತಮ್ಮಾ, ತೊಳದದ್ದು’ ಎಂದರು. ಪುನಶ್ಚೇತನದ ಬಗ್ಗೆ ನಾನು ಓದಿದ ಎಷ್ಟೋ ಪುಟಗಳು ಹೇಳಲು ಯತ್ನಿಸಿದ್ದನ್ನು ಅವರು ಒಂದು ಮಾತಿನಲ್ಲಿ ಹೇಳಿದ್ದರು, ಮತ್ತು ಅಂದಿನಿಂದ ನಾನು ಕೊಳ್ಳುವ ಪ್ರತಿಯೊಂದು ಡಿಸ್ಕನ್ನೂ ಈ ಅಳತೆಯಿಂದಲೇ ನೋಡುತ್ತ ಬಂದಿದ್ದೇನೆ.

ಆ ಡಿಸ್ಕಿನ ಹಿಂದೆ ಒಂದು ಬೆಂಕಿಯಿದೆ. ಅಪು ಎಂಬ ಹುಡುಗನ ಬದುಕಿನ ಬಗ್ಗೆ ರಾಯ್ ಅವರು ಮಾಡಿದ ಸರಣಿಯ ಮೂರೂ ಚಿತ್ರಗಳ, ಅಂದರೆ 1955ರ ‘ಪಥೇರ್ ಪಾಂಚಾಲಿ’, 1956ರ ‘ಅಪರಾಜಿತೋ’ ಮತ್ತು 1959ರ ‘ಅಪುರ್ ಸಂಸಾರ್’ ಚಿತ್ರಗಳ ಮೂಲ ನೆಗೆಟಿವ್‌ಗಳು 1993ರಲ್ಲಿ ಲಂಡನ್ನಿನ ಒಂದು ಫಿಲ್ಮ್ ಲ್ಯಾಬಿನಲ್ಲಿದ್ದಾಗ ಬೆಂಕಿಗೆ ಸಿಕ್ಕವು. ಉಳಿದದ್ದು ಸುಟ್ಟು ಸುರುಟಿಕೊಂಡ ರೀಲುಗಳು. ಬೇರೆ ಯಾರಾದರೂ ಅವನ್ನು ಕಸಕ್ಕೆ ಹಾಕುತ್ತಿದ್ದರೇನೋ. ಅಮೆರಿಕದ ಅಕಾಡೆಮಿ ಫಿಲ್ಮ್ ಆರ್ಕೈವ್ ಮಾತ್ರ ಅವನ್ನು ಹಾಗೇ ಜೋಪಾನವಾಗಿ ಇಟ್ಟುಕೊಂಡಿತು. ಇಪ್ಪತ್ತು ವರ್ಷಗಳ ನಂತರ ಒಳ್ಳೆಯ ಚಿತ್ರಗಳನ್ನು ಡಿಸ್ಕುಗಳಲ್ಲಿ ಹೊರತರುವ ಕ್ರೈಟೀರಿಯನ್ ಸಂಸ್ಥೆಯ ಜೊತೆಗೂಡಿ ಇಟಲಿಯ ಬೊಲೋನ್ಯಾ ನಗರದ ಲಿಮ್ಮಾಜಿನೆ ರಿತ್ರೊವಾತಾ ಎಂಬ ಪ್ರಯೋಗಾಲಯದವರು, ಮುಟ್ಟಿದರೆ ಮುರಿಯುವಂತಿದ್ದ ಆ ಫಿಲ್ಮಿಗೆ ಮತ್ತೆ ತೇವ ಕೊಟ್ಟು ಮೆತ್ತಗಾಗಿಸಿದರು. ಅಂಚಿನ ರಂಧ್ರಗಳನ್ನು ಒಂದೊಂದಾಗಿ ದುರಸ್ತಿ ಮಾಡುವುದು, ಕರಗಿ ಅಂಟಿದ್ದ ಟೇಪು ಮತ್ತು ಅಂಟನ್ನು ಬಿಡಿಸುವುದು, ಇಂಥ ಕೈಕೆಲಸಕ್ಕೇ ಹೆಚ್ಚುಕಡಿಮೆ ಸಾವಿರ ಗಂಟೆಗಳು ಹಿಡಿದವು. ಕೊನೆಗೆ ‘ಪಥೇರ್ ಪಾಂಚಾಲಿ’ಯ ಶೇಕಡಾ 40ರಷ್ಟು, ‘ಅಪರಾಜಿತೋ’ದ ಶೇಕಡಾ 60ಕ್ಕಿಂತ ಹೆಚ್ಚು ಭಾಗ ಸುಟ್ಟ ಮೂಲದಿಂದಲೇ ಸಿಕ್ಕಿತು, ‘ಅಪುರ್ ಸಂಸಾರ್’ ಚಿತ್ರದ ಮೂಲದಿಂದ ಏನೂ ದಕ್ಕಲಿಲ್ಲ. ದಕ್ಕದ ಭಾಗಗಳನ್ನು ಬೇರೆ ಬೇರೆ ಸಂಗ್ರಹಾಲಯಗಳಲ್ಲಿದ್ದ ನಕಲು ನೆಗೆಟಿವ್‌ ಮತ್ತು ಪ್ರಿಂಟ್‌ಗಳಿಂದ ತುಂಬಿದರು. 2015ರಲ್ಲಿ ಮೂರೂ ಚಿತ್ರಗಳು ಮತ್ತೆ ತೆರೆಗೆ ಬಂದು, ಅದೇ ವರ್ಷ ಡಿಸ್ಕುಗಳಾದವು.

ಆ ಕೆಲಸದ ಪ್ರಮಾಣವನ್ನು ನಾನು ಒಂದು ಲೆಕ್ಕದಿಂದ ಅರ್ಥ ಮಾಡಿಕೊಳ್ಳುತ್ತೇನೆ. ಸಿನೆಮಾ ಸೆಕೆಂಡಿಗೆ 24 ಚೌಕಟ್ಟುಗಳಂತೆ ಓಡುತ್ತದೆ. ಎರಡು ಗಂಟೆ ಐದು ನಿಮಿಷದ ಒಂದು ಚಿತ್ರದಲ್ಲಿ 1,80,000 ಚೌಕಟ್ಟುಗಳು. ಒಂದೊಂದನ್ನೂ ಸ್ಕ್ಯಾನ್ ಮಾಡಬೇಕು, ಒಂದೊಂದರ ಮೇಲಿನ ಧೂಳು, ಗೀರು, ಹರಿದ ಗುರುತನ್ನು ಪರಿಶೀಲಿಸಬೇಕು. ನಮ್ಮ ಕಡೆ ರಫೂ ಮಾಡುವವರು ಹರಿದ ಜರಿಸೀರೆಯ ಎಳೆಯನ್ನು ಅದೇ ಸೀರೆಯ ಸೆರಗಿನ ಒಳಮಡಿಕೆಯಿಂದ ತೆಗೆದು ಹೊಲಿಯುತ್ತಾರೆ, ಹೊರಗಿನ ಎಳೆ ಸೇರಿಸುವುದಿಲ್ಲ. ಒಳ್ಳೆಯ ಪುನಶ್ಚೇತನದವರೂ ಗೀರು ಬಿದ್ದ ಜಾಗವನ್ನು ಹಿಂದಿನ ಅಥವಾ ಮುಂದಿನ ಚೌಕಟ್ಟಿನಲ್ಲಿ ಉಳಿದಿರುವ ಅದೇ ಜಾಗದಿಂದ ತುಂಬುತ್ತಾರೆ.

ಕೆಟ್ಟದ್ದನ್ನು ಮಾಡುವವರೂ ಇದ್ದಾರೆ. ಫಿಲ್ಮಿನ ಚಿತ್ರ ಹುಟ್ಟುವುದೇ ಬೆಳ್ಳಿಯ ಸಣ್ಣ ಕಣಗಳಿಂದ. ತೆರೆಯ ಮೇಲೆ ಸಣ್ಣಗೆ ಮಿಸುಕಾಡುವ ಆ ಕಣಗಳನ್ನು ಕೊಳೆಯೆಂದು ಭಾವಿಸಿ ಕಂಪ್ಯೂಟರಿನಿಂದ ಒರೆಸಿಬಿಟ್ಟರೆ, ಮುಖದ ಸುಕ್ಕು, ಗೋಡೆಯ ಒರಟು, ಬಟ್ಟೆಯ ನೇಯ್ಗೆ ಎಲ್ಲವೂ ಅದರ ಜೊತೆಗೇ ಹೋಗುತ್ತವೆ, ಮನುಷ್ಯರು ಮೇಣದ ಬೊಂಬೆಗಳಂತೆ ಕಾಣುತ್ತಾರೆ. ಅಂಥ ಎರಡು ಡಿಸ್ಕುಗಳು ನನ್ನಲ್ಲಿವೆ. ಮುಖಪುಟದ ಮೇಲೆ ದೊಡ್ಡ ಅಕ್ಷರದಲ್ಲಿ ‘ಹೊಸದಾಗಿ ರಿಸ್ಟೋರ್ ಮಾಡಿದ ಪ್ರತಿ’ ಎಂದಿದೆ. ಹಳೆಯ ಚಿತ್ರಗಳ ಚೌಕಟ್ಟು ಹೆಚ್ಚುಕಡಿಮೆ ಚೌಕಾಕಾರದ್ದು. ಅದನ್ನು ಈಗಿನ ಅಗಲ ಟಿವಿಗೆ ತುಂಬಿಸಲು ಮೇಲೆ ಕೆಳಗೆ ಕತ್ತರಿಸಿದರೆ ಚಿತ್ರದ ಕಾಲುಭಾಗದಷ್ಟು ಹೋಗಿಬಿಡುತ್ತದೆ. ನಿಂತವರಿಗೆ ಪಾದ ಇರುವುದಿಲ್ಲ, ಮಾತಾಡುವವರಿಗೆ ನೆತ್ತಿ ಇರುವುದಿಲ್ಲ. ಎಡಬಲಕ್ಕೆ ಕಪ್ಪು ಪಟ್ಟಿ ಬಂದರೆ ಬರಲಿ, ಚಿತ್ರ ಪೂರ್ತಿ ಇರಲಿ ಎಂದು ನಾನು ಮನೆಗೆ ಬಂದವರಿಗೆಲ್ಲ ಹೇಳುತ್ತೇನೆ.

ಬಣ್ಣ ಹಚ್ಚುವ ವಿಷಯದಲ್ಲಿ ಗೆಳೆಯರ ಜೊತೆ ನನಗೆ ಭಿನ್ನಾಭಿಪ್ರಾಯವಿದೆ. 1965ರ ‘ಸತ್ಯ ಹರಿಶ್ಚಂದ್ರ’ 2008ರಲ್ಲಿ, 1971ರ ‘ಕಸ್ತೂರಿ ನಿವಾಸ’ 2014ರಲ್ಲಿ ಬಣ್ಣ ಪಡೆದು ಬಿಡುಗಡೆಯಾದಾಗ ಜನ ಮತ್ತೆ ಥಿಯೇಟರಿಗೆ ಹೋದರು, ರಾಜಕುಮಾರ್ ಅವರನ್ನು ಹೊಸ ತಲೆಮಾರಿನ ಮಕ್ಕಳು ನೋಡಿದರು. ಅದರಿಂದ ನನಗೂ ಸಂತೋಷವೇ ಆಯಿತು. ಆದರೆ ಅದನ್ನು ಪುನಶ್ಚೇತನ ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಕಪ್ಪು-ಬಿಳುಪಿನಲ್ಲಿ ಬೆಳಕು ಇಟ್ಟ ಛಾಯಾಗ್ರಾಹಕ ಸೀರೆಯ ಬಣ್ಣವನ್ನಲ್ಲ, ಅದರ ಮೇಲೆ ಬಿದ್ದ ಬೆಳಕಿನ ಹೆಚ್ಚುಕಡಿಮೆಯನ್ನು ಲೆಕ್ಕ ಹಾಕಿರುತ್ತಾನೆ. ಆ ಲೆಕ್ಕದ ಮೇಲೆ ಬಣ್ಣ ಹಚ್ಚಿದರೆ ಮೂಲದಲ್ಲಿ ಇಲ್ಲದ್ದು ಬರುತ್ತದೆ, ಇದ್ದದ್ದು ಮರೆಯಾಗುತ್ತದೆ. ಗಿರೀಶ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ಕ್ಕೆ ಸಿಕ್ಕ ಭಾಗ್ಯವೇ ಬೇರೆ. ಶಿವೇಂದ್ರ ಸಿಂಗ್ ಡುಂಗರ್‌ಪುರ್ ಅವರು ಮುಂಬೈಯಲ್ಲಿ ಕಟ್ಟಿದ ಫಿಲ್ಮ್ ಹೆರಿಟೇಜ್ ಫೌಂಡೇಶನ್, ಅಮೆರಿಕದ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸಿಯವರ ವರ್ಲ್ಡ್ ಸಿನೆಮಾ ಪ್ರಾಜೆಕ್ಟ್ ಜೊತೆಗೂಡಿ ಅದನ್ನು ಪುನಶ್ಚೇತನಗೊಳಿಸಿತು, 2024ರಲ್ಲಿ ಅದು ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿತು. ಎಸ್. ರಾಮಚಂದ್ರ ಅವರು ಆ ಚಿತ್ರಕ್ಕೆ ಹಿಡಿದ ಕತ್ತಲೆ ಮತ್ತು ದೀಪದ ಬೆಳಕನ್ನು ಮನೆಯ ತೆರೆಯ ಮೇಲೆ ನೋಡುವ ದಿನಕ್ಕಾಗಿ ನನ್ನ ಕಪಾಟಿನಲ್ಲಿ ಒಂದು ಡಿಸ್ಕಿನ ಜಾಗ ಬಿಟ್ಟಿದ್ದೇನೆ.

ಕಣ್ಣಿಗೆ ಕಾಣದ ತಪ್ಪುಗಳೂ ಇರುತ್ತವೆಂದು ನನಗೆ ಕಲಿಸಿದವರು ಸೋದರಮಾವ. ಮಾವ ನಾಟಕ ಕಂಪನಿಗಳಲ್ಲಿ ಪೇಟಿ ಮಾಸ್ತರರಾಗಿದ್ದವರು, ಅಂದರೆ ಹಾರ್ಮೋನಿಯಂ ನುಡಿಸುತ್ತಿದ್ದವರು. ಬನಶಂಕರಿ ಜಾತ್ರೆಯಲ್ಲಿ ಕಂಪನಿಗಳು ತಿಂಗಳುಗಟ್ಟಲೆ ಬೀಡುಬಿಟ್ಟಾಗ ರಾತ್ರಿಯಿಡೀ ಪೇಟಿ ನುಡಿಸಿ ಬೆಳಗ್ಗೆ ನಮ್ಮ ಮನೆಗೆ ಬಂದು ಮಲಗುತ್ತಿದ್ದರು. ಒಮ್ಮೆ ನಾನು ಯುರೋಪಿನಿಂದ ತರಿಸಿದ ಡಿವಿಡಿಯೊಂದರಲ್ಲಿ ನಮ್ಮ ಹಿಂದೂಸ್ತಾನಿ ಗಾಯಕರೊಬ್ಬರ ಕುರಿತ ಸಾಕ್ಷ್ಯಚಿತ್ರವಿತ್ತು. ಹತ್ತು ನಿಮಿಷ ಕೇಳಿದ ಮಾವ ಮುಖ ಗಂಟಿಕ್ಕಿ, ಒಳಗೆ ಹೋಗಿ ಪೇಟಿ ತಂದಿಟ್ಟುಕೊಂಡು ಒಂದೊಂದೇ ಮನೆ ಒತ್ತಿ ನೋಡಿದರು. ‘ಇವರು ಕರಿ ಒಂದರಾಗ ಹಾಡವ್ರು. ನಾ ಎದುರಿಗೆ ಕೂತು ಕೇಳೇನಿ. ಇದು ಕರಿ ಒಂದೂ ಅಲ್ಲ, ಬಿಳಿ ಎರಡೂ ಅಲ್ಲ, ನಡುವ ಎಲ್ಲೋ ಐತಿ. ಅವರು ಈ ಪಟ್ಟಿಯೊಳಗ ಹಾಡಿಲ್ಲೋ ತಮ್ಮಾ’ ಎಂದರು.

ಕರಿ ಒಂದು, ಬಿಳಿ ಎರಡು ಎಂದರೆ ಪೇಟಿಯ ಮೇಲೆ ಒತ್ತುವ ಅಕ್ಕಪಕ್ಕದ ಎರಡು ಮನೆಗಳು; ಗಾಯಕರ ಶ್ರುತಿಯನ್ನು ಅವುಗಳ ಹೆಸರಿನಿಂದಲೇ ಹೇಳುತ್ತಾರೆ. ಮಾವನ ಕಿವಿ ಸರಿಯಾಗಿಯೇ ಇತ್ತು. ಯುರೋಪಿನ ಮತ್ತು ನಮ್ಮ ದೂರದರ್ಶನದ ಪಾಲ್ ಪದ್ಧತಿಯಲ್ಲಿ ಸೆಕೆಂಡಿಗೆ 25 ಚಿತ್ರಗಳು. ಆದ್ದರಿಂದ ಸೆಕೆಂಡಿಗೆ 24ರಂತೆ ತೆಗೆದ ಫಿಲ್ಮನ್ನು ಆ ಪದ್ಧತಿಯ ಡಿಸ್ಕಿಗೆ ಹಾಕುವಾಗ, ಅದನ್ನು ಶೇಕಡಾ ನಾಲ್ಕರಷ್ಟು ವೇಗವಾಗಿ ಓಡಿಸಿಬಿಡುವುದು ರೂಢಿಯಾಗಿತ್ತು. ಎರಡು ಗಂಟೆಯ ಚಿತ್ರ 115 ನಿಮಿಷಕ್ಕೇ ಮುಗಿಯುತ್ತದೆ, ನೋಡುವವರಿಗೆ ಗೊತ್ತಾಗುವುದಿಲ್ಲ; ಆದರೆ ಧ್ವನಿಯನ್ನು ಪ್ರತ್ಯೇಕವಾಗಿ ಸರಿಪಡಿಸದಿದ್ದರೆ ಶ್ರುತಿ ಅರ್ಧ ಸ್ವರಕ್ಕಿಂತ ಸ್ವಲ್ಪ ಕಡಿಮೆ ಏರಿರುತ್ತದೆ, ಅಂದರೆ ಪೇಟಿಯ ಎರಡು ಮನೆಗಳ ನಡುವೆ, ಯಾವ ಮನೆ ಒತ್ತಿದರೂ ಸಿಗದ ಜಾಗದಲ್ಲಿ. ಬ್ಲೂ-ರೇ ಬಂದ ಮೇಲೆ 24 ಚೌಕಟ್ಟುಗಳನ್ನು 24 ಆಗಿಯೇ ಇಡಬಹುದಾಯಿತು. ಸಂಗೀತದ ಸಾಕ್ಷ್ಯಚಿತ್ರಗಳನ್ನು ಸಂಗ್ರಹಿಸುವವರಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ ಎಂದು ನನ್ನ ಭಾವನೆ. ಒಬ್ಬ ಗಾಯಕ ಜೀವಮಾನವಿಡೀ ಕಾಯ್ದುಕೊಂಡ ಷಡ್ಜವನ್ನು ಒಂದು ಯಂತ್ರದ ಅನುಕೂಲಕ್ಕಾಗಿ ಸರಿಸುವುದು ಸಣ್ಣ ತಪ್ಪೆಂದು ನನಗೆ ಯಾವತ್ತೂ ಅನ್ನಿಸಿಲ್ಲ.

ಬಾಗಲಕೋಟೆಯಲ್ಲಿ ಕೂತು ಇವನ್ನೆಲ್ಲ ಕೂಡಿಸುವುದು ಸುಲಭವಲ್ಲ. ಅಮೆರಿಕದ ಬ್ಲೂ-ರೇ ಡಿಸ್ಕುಗಳಿಗೆ ‘ಎ’ ವಲಯ, ಯುರೋಪಿಗೆ ‘ಬಿ’, ಭಾರತಕ್ಕೆ ‘ಸಿ’ ಎಂದು ಬೀಗ ಹಾಕಿರುತ್ತಾರೆ. ಮೊದಲ ಡಿಸ್ಕನ್ನು ಉಳಿತಾಯದ ಹಣದಿಂದ ತರಿಸಿ, ಪ್ಲೇಯರಿಗೆ ಹಾಕಿ, ‘ಈ ವಲಯದಲ್ಲಿ ನಡೆಯುವುದಿಲ್ಲ’ ಎಂಬ ಒಂದೇ ಸಾಲನ್ನು ತೆರೆಯ ಮೇಲೆ ಓದಿದ ಸಂಜೆ ನನಗೆ ಚೆನ್ನಾಗಿ ನೆನಪಿದೆ. ಎಲ್ಲ ವಲಯದ್ದನ್ನೂ ಓಡಿಸುವ ಪ್ಲೇಯರ್ ಕೊಂಡದ್ದು ಆಮೇಲೆ. ಬ್ಲೂ-ರೇಗಿಂತ ಸ್ಪಷ್ಟವಾಗಿ ಚಿತ್ರ ತೋರಿಸುವ 4ಕೆ ಡಿಸ್ಕುಗಳಿಗೆ ಈ ಬೀಗವಿಲ್ಲ. ನಮ್ಮ ಬೇಸಿಗೆ ನಲವತ್ತು ಡಿಗ್ರಿ ದಾಟುವುದರಿಂದ ಕಪಾಟನ್ನು ಪಡುವಣ ಗೋಡೆಗೆ ಇಡದೆ ನಡುಮನೆಯ ಒಳಗೋಡೆಗೆ ಇಟ್ಟಿದ್ದೇನೆ, ಡಿಸ್ಕುಗಳನ್ನು ಮಲಗಿಸದೆ ನಿಲ್ಲಿಸಿದ್ದೇನೆ. ಆದರೂ ಹದಿನೈದು ವರ್ಷ ಹಿಂದಿನ ಕೆಲವು ಡಿವಿಡಿಗಳನ್ನು ದೀಪಕ್ಕೆ ಅಡ್ಡ ಹಿಡಿದರೆ ಸೂಜಿಮೊನೆಯಷ್ಟು ತೂತುಗಳಲ್ಲಿ ಬೆಳಕು ತೂರಿ ಬರುತ್ತದೆ. ಒಳಗಿನ ಅಲ್ಯೂಮಿನಿಯಂ ಪದರ ತಿಂದುಹೋಗಿದೆ. ಅಂಥವುಗಳನ್ನು ಹಾರ್ಡ್ ಡಿಸ್ಕಿಗೆ ನಕಲು ಮಾಡಿಟ್ಟುಕೊಳ್ಳುವುದೇ ನನ್ನ ಪ್ರತಿ ದೀಪಾವಳಿಯ ರಜೆಯ ಕೆಲಸ.

ಮೊಬೈಲಿನಲ್ಲಿ ಎಲ್ಲವೂ ಸಿಗುವಾಗ ಇದೆಲ್ಲ ಏಕೆ ಎಂದು ಕೇಳುವವರಿದ್ದಾರೆ. ಎಲ್ಲವೂ ಸಿಗುವುದಿಲ್ಲ, ಸಿಕ್ಕದ್ದು ಮುಂದಿನ ತಿಂಗಳು ಇರುತ್ತದೆಂಬ ಖಾತ್ರಿಯಿಲ್ಲ. ಉದಯ ಶಂಕರರು 1948ರಲ್ಲಿ ಮಾಡಿದ ನೃತ್ಯಚಿತ್ರ ‘ಕಲ್ಪನಾ’ ನನಗೆ ಸಿಕ್ಕಿದ್ದು ಆರು ದೇಶಗಳ ಆರು ಚಿತ್ರಗಳನ್ನು ಕಟ್ಟಿದ ಒಂದು ಪೆಟ್ಟಿಗೆಯಲ್ಲಿ. ಆ ಪೆಟ್ಟಿಗೆ ನನ್ನ ಕಪಾಟಿನಲ್ಲಿರುವ ತನಕ ಅದನ್ನು ಯಾವ ಒಪ್ಪಂದವೂ ಹಿಂದಕ್ಕೆ ತೆಗೆದುಕೊಳ್ಳಲಾರದು.

ಸಾಕ್ಷ್ಯಚಿತ್ರಗಳ ಕಡೆಗೆ ನಾನು ಹೊರಳಿದ್ದು ತಡವಾಗಿ. ಥಿಯೇಟರಿನಲ್ಲಿ ಸಿನೆಮಾ ಶುರುವಾಗುವ ಮುನ್ನ ಸರ್ಕಾರದ ಸಾಕ್ಷ್ಯಚಿತ್ರ ಸಂಸ್ಥೆ ಫಿಲ್ಮ್ಸ್ ಡಿವಿಜನ್ನಿನ ಚಿತ್ರ ತೋರಿಸಲೇಬೇಕೆಂಬ ನಿಯಮವಿದ್ದ ಕಾಲದಲ್ಲಿ ಅದು ನಮಗೆ ಶೇಂಗಾ ಕೊಳ್ಳುವ ಸಮಯವಾಗಿತ್ತು. 1948ರಲ್ಲಿ ಆರಂಭವಾದ ಆ ಸಂಸ್ಥೆಯ ಚಿತ್ರಗಳನ್ನು ಈಗ ಮನೆಯಲ್ಲಿ ಕೂತು ನೋಡುವಾಗ, ನಿರೂಪಣೆಯ ಧ್ವನಿ ಏನೇ ಉಪದೇಶ ಮಾಡುತ್ತಿರಲಿ, ಅದರ ಹಿಂದೆ ಸಂತೆಗೆ ಹೋಗುವ ಎತ್ತುಗಳು, ಬಾವಿಕಟ್ಟೆ, ಧೋತರದ ಕಚ್ಚೆ, ಪೇಟ ಸುತ್ತಿದ ರೀತಿ ಇವು ನನ್ನನ್ನು ಹಿಡಿದು ನಿಲ್ಲಿಸುತ್ತವೆ. ಚಿತ್ರ ತೆಗೆದವರು ಅದನ್ನು ಉದ್ದೇಶಿಸಿರಲಿಲ್ಲ. ಕ್ಯಾಮೆರಾ ಮಾತ್ರ ತನ್ನ ಎದುರಿಗಿದ್ದುದನ್ನೆಲ್ಲ ಬರೆದುಕೊಂಡಿತು.

ಬರೆದುಕೊಂಡದ್ದು ಉಳಿಯುವುದು ಮಾತ್ರ ಕಷ್ಟ. 1950ರ ದಶಕದ ಆರಂಭದವರೆಗೆ ಬಳಕೆಯಲ್ಲಿದ್ದ ನೈಟ್ರೇಟ್ ಫಿಲ್ಮು ಹೊತ್ತಿಕೊಂಡರೆ ನೀರಿನೊಳಗೂ ಉರಿಯುತ್ತದೆ, ಏಕೆಂದರೆ ಉರಿಗೆ ಬೇಕಾದ ಆಮ್ಲಜನಕ ಅದರಲ್ಲೇ ಇದೆ. ಸಾಕ್ಷ್ಯಚಿತ್ರಗಳ ಆದಿಪುರುಷರಲ್ಲಿ ಒಬ್ಬರಾದ ರಾಬರ್ಟ್ ಫ್ಲಾಹರ್ಟಿ, ಉತ್ತರ ಕೆನಡಾದ ಹಿಮದಲ್ಲಿ ತಾವು ತೆಗೆದಿದ್ದ ಸುಮಾರು 30,000 ಅಡಿ ನೆಗೆಟಿವ್ ಮೇಲೆ ಸಿಗರೇಟಿನ ಕಿಡಿ ಬೀಳಿಸಿ ಎಲ್ಲವನ್ನೂ ಕಳೆದುಕೊಂಡರು. ಮತ್ತೆ ಹೋಗಿ ಮೊದಲಿನಿಂದ ಚಿತ್ರೀಕರಿಸಿದ್ದೇ 1922ರ ‘ನಾನೂಕ್ ಆಫ್ ದಿ ನಾರ್ತ್’. ನೈಟ್ರೇಟ್ ನಂತರ ಬಂದ ಅಸಿಟೇಟ್ ಫಿಲ್ಮಿಗೆ ಬೆಂಕಿಯ ಭಯವಿಲ್ಲ. ಆದರೆ ಸೆಕೆಯಲ್ಲಿ ಅದು ಹುಳಿಯುತ್ತದೆ, ಡಬ್ಬಿ ತೆರೆದರೆ ವಿನೆಗರ್ ವಾಸನೆ ಹೊಡೆಯುತ್ತದೆ, ಫಿಲ್ಮು ಕುಗ್ಗಿ ಮುದುರುತ್ತದೆ. ಕನ್ನಡದ ಮೊದಲ ವಾಕ್ಚಿತ್ರ, 1934ರ ‘ಸತಿ ಸುಲೋಚನ’, ತಯಾರಾದದ್ದು ಕೊಲ್ಲಾಪುರದ ಸ್ಟುಡಿಯೋದಲ್ಲಿ. ಬೆಳಗಾವಿ ದಾಟಿದರೆ ಎರಡು ತಾಸಿನ ದಾರಿ. ಅದರ ಒಂದು ಪ್ರತಿಯೂ ಇಂದು ಉಳಿದಿಲ್ಲ. ಆರ್. ನಾಗೇಂದ್ರರಾಯರೂ ಸುಬ್ಬಯ್ಯನಾಯ್ಡು ಅವರೂ ಆ ಚಿತ್ರದಲ್ಲಿ ಹೇಗೆ ಮಾತಾಡಿದರು, ನಮ್ಮ ಭಾಷೆ ಮೊದಲ ಸಲ ತೆರೆಯಿಂದ ಹೇಗೆ ಕೇಳಿಸಿತು ಎಂಬುದನ್ನು ಇನ್ನು ಯಾವ ಪ್ರಯೋಗಾಲಯವೂ ನಮಗೆ ಕೊಡಲಾರದು. ತೊಳೆಯಲು ಬಟ್ಟೆಯಾದರೂ ಇರಬೇಕಲ್ಲ.

ಹಳೆಯ ಬಾಗಲಕೋಟೆಯ ನಮ್ಮ ಓಣಿ ಮುಳುಗಡೆಯಾಯಿತು. ಆಲಮಟ್ಟಿ ಜಲಾಶಯದಲ್ಲಿ 519.60 ಮೀಟರಿನವರೆಗೆ ನೀರು ನಿಲ್ಲಿಸಿದರೆ ಘಟಪ್ರಭೆಯ ಗುಂಟ ಹಿನ್ನೀರು ಊರಿಗೆ ಬರುತ್ತದೆಂದು ಅಧಿಕಾರಿಗಳು ಗೋಡೆಗಳ ಮೇಲೆ ಸಂಖ್ಯೆ ಬರೆದು ಹೋದರು, ಪರಿಹಾರ ಬಂತು, ನಾವು ನವನಗರದ ಸೆಕ್ಟರಿಗೆ ಬಂದೆವು. ಬರುವಾಗ ಬಾಗಿಲು, ತೊಲೆ, ಕಲ್ಲು ತಂದೆವು. ಓಣಿಯ ಒಂದು ಒಳ್ಳೆಯ ಫೋಟೋವನ್ನೂ ತೆಗೆದಿರಲಿಲ್ಲ. ದಿನಾ ನಡೆದಾಡುವ ಜಾಗದ ಫೋಟೋ ಯಾರು ತೆಗೆಯುತ್ತಾರೆ?

ಆ ಓಣಿಯ ಚಲಿಸುವ ಚಿತ್ರ ನಮ್ಮಲ್ಲಿ ಇರುವುದು ಒಂದೇ: 1995ರಲ್ಲಿ ಅಕ್ಕನ ಮದುವೆಯಲ್ಲಿ ತೆಗೆಸಿದ ವಿಎಚ್‌ಎಸ್ ಕ್ಯಾಸೆಟ್. ಮೂರು ತಾಸಿನ ಆ ಕ್ಯಾಸೆಟ್ಟಿನಲ್ಲಿ ಬೀಗರನ್ನು ಎದುರುಗೊಳ್ಳಲು ಹೋಗುವ ಮೆರವಣಿಗೆಯ ಜೊತೆ ಕ್ಯಾಮೆರಾದವನು ಓಣಿಯ ಈ ತುದಿಯಿಂದ ಆ ತುದಿಗೆ ನಡೆದ ನಾಲ್ಕು ನಿಮಿಷಗಳಿವೆ. ಹಲವು ವರ್ಷಗಳ ಹಿಂದೆ ಅದನ್ನು ಡಿಸ್ಕ್ ಮಾಡಲು ಒಂದು ಅಂಗಡಿಗೆ ಕೊಟ್ಟಿದ್ದೆ. ಮರಳಿ ಬಂದ ಡಿಸ್ಕಿನಲ್ಲಿ ಚಿತ್ರವನ್ನು ಅಗಲಕ್ಕೆ ಎಳೆದು ಎಲ್ಲರನ್ನೂ ದಪ್ಪಗೆ ಮಾಡಿದ್ದರು, ‘ಬರೇ ಓಣಿ ಐತ್ರಿ’ ಎಂದು ಆ ನಾಲ್ಕು ನಿಮಿಷಗಳಲ್ಲಿ ಮೂರನ್ನು ಕತ್ತರಿಸಿದ್ದರು. ಪುಣ್ಯಕ್ಕೆ ಕ್ಯಾಸೆಟ್ ವಾಪಸ್ ತೆಗೆದುಕೊಂಡಿದ್ದೆ.

ಕಳೆದ ಬೇಸಿಗೆಯಲ್ಲಿ ನಾನೇ ಕೂತೆ. ಟೇಪಿನ ಅಂಚಿನಲ್ಲಿ ಬಿಳಿಯ ಬೂಸು ಬಂದಿತ್ತು. ಕೈಯಿಂದ ಒಂದೊಂದು ಗೇಣು ಸುತ್ತುತ್ತ, ಮೆತ್ತನೆಯ ಒಣಬಟ್ಟೆಯಿಂದ ಒತ್ತದೆ ಒರೆಸುತ್ತ ಹೋದರೆ ಎರಡು ದಿನ ಹಿಡಿಯಿತು. ಹುಬ್ಬಳ್ಳಿಯ ಪರಿಚಿತರೊಬ್ಬರಿಂದ ಸುಸ್ಥಿತಿಯಲ್ಲಿದ್ದ ವಿಸಿಆರ್ ತಂದು, ಅದರ ಹೆಡ್ ಸ್ವಚ್ಛ ಮಾಡಿ, ಚಿತ್ರವನ್ನು ಹಿಗ್ಗಿಸದೆ, ಮೃದು ಮಾಡದೆ, ಇದ್ದ ಆಕಾರದಲ್ಲೇ ಕಂಪ್ಯೂಟರಿಗೆ ಇಳಿಸಿದೆ. ಆಗಿನ ವಿಡಿಯೋದವರು ಮೆರವಣಿಗೆಯ ಮೇಲೆ ಸಿನೆಮಾ ಹಾಡು ಹಾಕಿದ್ದರು, ನಡುನಡುವೆ ಹೃದಯದ ಆಕಾರದ ಚೌಕಟ್ಟು ಇಟ್ಟಿದ್ದರು. ಓಣಿಯ ಸದ್ದು ಆ ಹಾಡಿನಡಿ ಶಾಶ್ವತವಾಗಿ ಹೋಗಿದೆ. ಅವನ್ನು ತೆಗೆದು ಬೇರೆ ಏನಾದರೂ ತುಂಬುವ ಆಸೆ ಒಂದು ಕ್ಷಣ ಬಂತು, ತುಂಬಲಿಲ್ಲ. ಹಾಡು ಹಾಡಾಗಿಯೇ ಉಳಿದಿದೆ.

ನಾಗರಪಂಚಮಿಗೆ ಎಲ್ಲರೂ ಸೇರಿದಾಗ ಅದನ್ನು ದೊಡ್ಡ ಟಿವಿಯಲ್ಲಿ ಹಾಕಿದೆ. ಅಪ್ಪ, ಮಾವ, ಅಕ್ಕ, ಆಕೆಯ ಮಕ್ಕಳು, ಎಂಬತ್ತೆರಡು ವರ್ಷದ ದೊಡ್ಡವ್ವ. ಬಾಜಾದವರು ದಾಟಿದರು, ಆರತಿ ಹಿಡಿದ ಹೆಂಗಸರು ದಾಟಿದರು, ಕ್ಯಾಮೆರಾದ ದೀಪ ಎಡಗಡೆಯ ಗೋಡೆಯ ಮೇಲೆ ಜಾರುತ್ತ ದೊಡ್ಡವ್ವನ ಹಳೆಯ ಮನೆಯ ಬಾಗಿಲಿಗೆ ಬಂತು.

‘ಅಲ್ಲೇ ನಿಂದರಸೋ’ ಎಂದರು ದೊಡ್ಡವ್ವ.

ನಿಲ್ಲಿಸಿದೆ. ಆಕೆ ಎದ್ದು ಟಿವಿಯ ಹತ್ತಿರ ಹೋಗಿ, ತೆರೆಗೆ ಬೆರಳು ಮುಟ್ಟಿಸದೆ, ಬಾಗಿಲಿನ ಮುಂದಿನ ಮೆಟ್ಟಿಲುಗಳನ್ನು ಕೆಳಗಿನಿಂದ ಎಣಿಸಿದರು. ನಾಲ್ಕೇ ಇದ್ದವೆಂದು ಮಾವ ಇಪ್ಪತ್ತು ವರ್ಷಗಳಿಂದ ವಾದ ಮಾಡುತ್ತ ಬಂದಿದ್ದರು. ಐದನೆಯದು ಅರ್ಧ ನೆರಳಿನಲ್ಲಿತ್ತು. ಅದರ ಮೇಲೆ ಯಾರದೋ ಒಂದು ಜೊತೆ ಚಪ್ಪಲಿ ಇತ್ತು.

‘ಐದು’ ಎಂದರು ದೊಡ್ಡವ್ವ. ಮಾವ ಕನ್ನಡಕ ಹಾಕಿಕೊಂಡು ಮುಂದೆ ಬಂದು, ತಾವೂ ಒಮ್ಮೆ ಎಣಿಸಿದರು.